ನಿಂಬೆಹಣ್ಣು ದಾಟಿದ ಕಾರು

ಬೆಲ್ ಒತ್ತಿದವನು ಇಸ್ತ್ರಿ ಮಾಡಿದ ತಿಳಿನೀಲಿ ಅಂಗಿ ತೊಟ್ಟಿದ್ದ. ಕೂದಲು ಬಾಚಿದ್ದ. ಚಾಮರಾಜಪೇಟೆಯ ಆ ಮನೆಗೆ ಭಾನುವಾರ ಬೆಳಗ್ಗೆ ಅಷ್ಟು ನೀಟಾಗಿ ಬರುತ್ತಿದ್ದವರು ಒಂದೇ ಥರದ ಜನ, ಹೆಣ್ಣು ನೋಡುವವರು.

ವಾಣಿ ಅವನ ಬೆನ್ನ ಹಿಂದೆ ಇಣುಕಿದಳು. ಅಪ್ಪ, ಅಮ್ಮ, ಫೋಟೋ ತೆಗೆಯುವ ಚಿಕ್ಕಮ್ಮ, ಯಾರೂ ಇರಲಿಲ್ಲ. ಒಬ್ಬನೇ ಬಂದಿದ್ದಾನೆ, ಧೈರ್ಯಸ್ಥ.

"ನೋಡಿ, ನಿಮ್ಮ ಟೈಮ್ ವೇಸ್ಟ್ ಆಗೋದು ಬೇಡ. ಪಕ್ಕದ ಶೆಡ್ಡಲ್ಲಿ ನಮ್ಮಪ್ಪನ ಕಾರಿದೆ. ಅದು ಸ್ಟಾರ್ಟ್ ಆಗಿ ಓಡೋವರ್ಗೂ ನಾನು ಮದುವೆ ಆಗಲ್ಲ. ಮನೇಲೆಲ್ಲಾ ಒಪ್ಕೊಂಡಿರೋ ಮಾತು. ಕಾಫಿ ಕುಡ್ಕೊಂಡು ಹೋಗ್ತೀರಾ, ಹಾಗೇ ಹೋಗ್ತೀರಾ?"

ಅವನು ಹೆಗಲ ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿದ. ಒಳಗೆ ಸ್ಪ್ಯಾನರುಗಳು ಸದ್ದು ಮಾಡಿದವು.

"ನಾನು ಅದನ್ನ ಸ್ಟಾರ್ಟ್ ಮಾಡೋಕೇ ಬಂದಿರೋದು ಮೇಡಂ. ಗೌರೀಶ್ ಸರ್ ಬರೋಕೆ ಹೇಳಿದ್ರು."

ವಾಣಿಯ ಕಿವಿ ಕೆಂಪಾಯಿತು. ಅದನ್ನು ಅವನು ನೋಡಿದ. ನೋಡಿದ್ದನ್ನು ಅವಳೂ ನೋಡಿದಳು.

"ಆದ್ರೂ ಕಾಫಿ ಕುಡಿತೀನಿ," ಎಂದ.

ಅವನ ಹೆಸರು ಪ್ರಸನ್ನ. ವಾರವಿಡೀ ಬಸ್ ಡಿಪೋದಲ್ಲಿ ಇಂಜಿನಿಯರ್, ಭಾನುವಾರ ಹಳೇ ಕಾರುಗಳ ಹುಚ್ಚ.

ಶೆಡ್ಡಿನಲ್ಲಿದ್ದದ್ದು ಎರಡು ಸೀಟಿನ ಕೆಂಪು ಸ್ಪೋರ್ಟ್ಸ್ ಕಾರು. ಊರಿನ ಹೊಲ ಲೇಔಟಿಗೆ ಮಾರಿ ದುಡ್ಡು ಬಂದ ವರ್ಷ ವಾಣಿಯ ಅಪ್ಪ ನಾರಾಯಣಪ್ಪ ಅದನ್ನು ಕೊಂಡಿದ್ದರು. ಹೆಂಡತಿ, ಇಬ್ಬರು ಮಕ್ಕಳಿರುವ ಮನುಷ್ಯ ಎರಡು ಸೀಟಿನ ಕಾರು ಯಾಕೆ ಕೊಂಡರೆಂದು ಅಮ್ಮ ವಿಶಾಲಮ್ಮ ಇವತ್ತಿಗೂ ಕೇಳುತ್ತಿದ್ದರು. ಉತ್ತರ ಹೇಳಬೇಕಾದವರು ಹೋಗಿ ಬಹಳ ಕಾಲವಾಗಿತ್ತು, ಕಾರು ನಿಂತೂ ಅಷ್ಟೇ ಕಾಲವಾಗಿತ್ತು.

ಆದರೆ ಆಯುಧಪೂಜೆ ಒಂದು ವರ್ಷವೂ ತಪ್ಪಿರಲಿಲ್ಲ. ಪ್ರತಿ ಸಲವೂ ತೊಳೆದು, ಕುಂಕುಮವಿಟ್ಟು, ಹೂವು ಮುಡಿಸಿ, ನಾಲ್ಕು ಚಕ್ರದಡಿಗೂ ನಿಂಬೆಹಣ್ಣಿಟ್ಟು, ಬೀದಿಯ ಗಂಡಸರೆಲ್ಲ ಸೇರಿ ಹಿಂದಿನಿಂದ ತಳ್ಳುತ್ತಿದ್ದರು. ನಿಂಬೆಹಣ್ಣು ಪಚಕ್ಕೆಂದ ಕೂಡಲೇ ಚಪ್ಪಾಳೆ. ಆಮೇಲೆ ಹಿಂದಕ್ಕೆ ತಳ್ಳಿ ಬಾಗಿಲು ಹಾಕಿದರೆ ಮುಂದಿನ ವರ್ಷದವರೆಗೆ ಆ ಕಾರಿಗೆ ವಿಶ್ರಾಂತಿ.

ಇಂಥ ಕಾರನ್ನು ವಾಣಿ ಶರತ್ತಾಗಿ ಇಟ್ಟಿದ್ದು ಜಾಣತನದಿಂದಲೇ. ಮಾತು ತಡವಾದ ಮಕ್ಕಳಿಗೆ ಮಾತು ಕಲಿಸುವ ಕೆಲಸ ಅವಳದು, ತನ್ನ ಸಂಪಾದನೆ ತನಗಿತ್ತು. "ಅಪ್ಪನ ಕಾರಲ್ಲೇ ನಾನು ಮಂಟಪಕ್ಕೆ ಹೋಗೋದು" ಎಂದಾಗ ಅಮ್ಮ ಕಣ್ಣೊರೆಸಿಕೊಂಡು ಒಪ್ಪಿದ್ದರು. ಹಬ್ಬಹಬ್ಬಕ್ಕೂ ಫ್ಲೆಕ್ಸುಗಳಲ್ಲಿ ಕೈಮುಗಿದು ನಿಲ್ಲುವ ಅಣ್ಣ ಗೌರೀಶನಿಗೆ ಮಾತ್ರ ಇದು ತಮಾಷೆಯೆನಿಸಲಿಲ್ಲ. ವಾಣಿಗೆ ಮೂವತ್ಮೂರಾದ ಮೇಲೆ ಅವನು ಮನಸ್ಸಿನಲ್ಲೇ ಒಂದು ಸಂಬಂಧ ಗೊತ್ತುಮಾಡಿಕೊಂಡು, ಕಾರಿಗೆ ಇಂಜಿನಿಯರನ್ನೇ ಹುಡುಕಿದ.

ಮೊದಲ ಭಾನುವಾರ ಕಾಫಿ ಸ್ಟೀಲ್ ಲೋಟದಲ್ಲಿ ಬಂತು. ಲೋಟದ ಜೊತೆಗೇ ವಿಶಾಲಮ್ಮನ ಪ್ರಶ್ನೆಯೂ ಬಂತು.

"ಎಲ್ಲಾಯ್ತಪ್ಪ ನಿಮ್ಮನೆ? ಯಾವ ಕಡೆಯೋರು?"

"ಅಕ್ಕಿಪೇಟೆ ಅಮ್ಮ. ನಮ್ಮ ತಂದೆ ಆಂಜಿನಯ್ಯ ಅಂತ. ಕಾರ್ಪೊರೇಷನ್ನಲ್ಲಿ ಕಸದ ಲಾರಿ ಓಡಿಸ್ತಿದ್ರು."

"ಓ," ಎಂದರು ವಿಶಾಲಮ್ಮ. ಬಹಳ ಸಣ್ಣ ಶಬ್ದ. ಎರಡನೇ ಭಾನುವಾರದಿಂದ ಕಾಫಿ ಪೇಪರ್ ಲೋಟದಲ್ಲಿ ಬಂತು. "ಗ್ರೀಸ್ ಕೈ ಅಲ್ವಾ, ಕುಡಿದು ಎಸೆದ್ರಾಯ್ತು," ಎಂದು ಅವರು ಪ್ರೀತಿಯಿಂದಲೇ ಹೇಳಿದರು. ಅವತ್ತು ಅವನ ಕೈ ಇನ್ನೂ ಗ್ರೀಸನ್ನು ಮುಟ್ಟಿರಲಿಲ್ಲ.

ಮೂರನೇ ಭಾನುವಾರ ವಾಣಿಯೂ ತನ್ನ ಕಾಫಿಯನ್ನು ಪೇಪರ್ ಲೋಟಕ್ಕೆ ಬಗ್ಗಿಸಿಕೊಂಡು ಶೆಡ್ಡಿಗೆ ಬಂದಳು. ಅವನು ಕಾರಿನಡಿಯಿಂದ ತಲೆ ಹೊರಹಾಕಿ ಅವಳ ಲೋಟ ನೋಡಿದ, ಅವಳ ಮುಖ ನೋಡಿದ, ಮತ್ತೆ ಒಳಗೆ ಜಾರಿಕೊಂಡ.

"ನಿಮ್ಮ ಕೈಗೂ ಗ್ರೀಸಾ?" ಕಾರಿನಡಿಯಿಂದ ದನಿ ಬಂತು.

"ಹೂಂ. ಆಗ್ತಾ ಇದೆ."

ಇಲಿಗಳು ತಿಂದ ವೈರು, ಕಚ್ಚಿಕೊಂಡ ಬ್ರೇಕು, ಜೆ.ಸಿ. ರಸ್ತೆಯ ಯಾವ ಅಂಗಡಿಯಲ್ಲೂ ಸಿಗದ ರಬ್ಬರು. ಒಂದೊಂದಕ್ಕೂ ಎಷ್ಟೋ ಭಾನುವಾರ ಹೋಯಿತು. ಅವಳು ಟಾರ್ಚ್ ಹಿಡಿಯುತ್ತಿದ್ದಳು. ಬೆಳಕು ಬೇಕಾದಲ್ಲಿ ಬೀಳದೆ ಆಗಾಗ ಅವನ ಕಿವಿಯ ಪಕ್ಕಕ್ಕೋ ಕತ್ತಿಗೋ ಬೀಳುತ್ತಿತ್ತು.

"ಇಂಜಿನ್ ಈ ಕಡೆ ಇದೆ ಮೇಡಂ."

"ಗೊತ್ತು. ಸುಮ್ನೆ ಮಾಡ್ರಿ ಕೆಲಸ."

"ನಿಮ್ಮ ಕೆಲಸಾನೂ ಹೀಗೇನಾ? ಮಾತಾಡದೇ ಇರೋರನ್ನ ಮಾತಾಡ್ಸೋದು?"

"ಹೂಂ. ಆದ್ರೆ ನಮ್ಮ ಮಕ್ಕಳು ಪಾರ್ಟ್ಸ್ ಕೇಳಲ್ಲ."

ಅವನು ನಕ್ಕ. ನಕ್ಕಾಗ ಎಡಗಡೆ ಕೆನ್ನೆಯಲ್ಲಿ ಮಾತ್ರ ಗುಳಿ ಬೀಳುತ್ತದೆಂದು ಅವಳಿಗೆ ಟಾರ್ಚಿನ ಬೆಳಕಿನಲ್ಲಿ ಗೊತ್ತಾಯಿತು. ಗೊತ್ತಾಗದಿದ್ದರೆ ಒಳ್ಳೆಯದಿತ್ತು.

ಎಲ್ಲ ಸರಿಹೋದರೂ ಇಂಜಿನ್ನಿಗೆ ಪೆಟ್ರೋಲ್ ತಲುಪುತ್ತಿರಲಿಲ್ಲ. ಒಂದು ದಿನ ಪ್ರಸನ್ನ ಟ್ಯಾಂಕ್ ಬಿಚ್ಚಿದ, ಒಳಗೆ ಬೆರಳಾಡಿಸಿದ. ಕಂದು ಬಣ್ಣದ ಅಂಟು ಬಂತು. ಮೂಸಿದ.

"ಮೇಡಂ, ಇದೇನು ತುಪ್ಪದ ವಾಸನೆ?"

ವಿಶಾಲಮ್ಮನನ್ನು ಕರೆಸಲಾಯಿತು. ಅವರು ಟ್ಯಾಂಕನ್ನು ನೋಡಿ, ಸೆರಗು ಸರಿಮಾಡಿಕೊಂಡು, ಬಹಳ ಸಹಜವಾಗಿ ಹೇಳಿದರು: "ಪಂಚಾಮೃತ."

"ಅಮ್ಮಾ!"

"ಏನಮ್ಮಾ? ವರ್ಷಕ್ಕೊಂದ್ಸಲ, ಪೂಜೆ ದಿನ, ಒಂದೇ ಒಂದು ಬಟ್ಲು. ಹಾಲು, ಮೊಸರು, ತುಪ್ಪ, ಜೇನುತುಪ್ಪ, ಸಕ್ಕರೆ. ಬಾಳೆಹಣ್ಣು ಹಾಕ್ತಿರ್ಲಿಲ್ಲ, ಸಿಕ್ಕಾಕ್ಕೊಳುತ್ತೆ ಅಂತ. ಅದರ ಹೊಟ್ಟೆ ತಣ್ಣಗಿರ್ಲಿ, ಬೇಗ ಓಡ್ಲಿ, ನಿನಗೊಂದು ಮದುವೆ ಆಗ್ಲಿ ಅಂತ ಕೇಳ್ಕೊಂಡು ಹಾಕ್ತಿದ್ದೆ."

ಬೇರೆ ಮನೆಗಳಲ್ಲಿ ಮದುವೆ ಜಾತಕದಿಂದ ನಿಲ್ಲುತ್ತದೆ. ಈ ಮನೆಯಲ್ಲಿ ಅದನ್ನು ಇಷ್ಟು ವರ್ಷ ತಡೆದಿದ್ದು ತಾಯಿಯ ಹರಕೆಯೇ. ವಾಣಿ ಪ್ರಸನ್ನನ ಕಡೆ ನೋಡಿದಳು. ಅವನು ಟ್ಯಾಂಕಿನ ಹಿಂದೆ ಬಗ್ಗಿದ್ದ, ಭುಜ ಅಲುಗುತ್ತಿತ್ತು. ಅವಳಿಗೂ ತಡೆಯಲಾಗಲಿಲ್ಲ. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ವಿಶಾಲಮ್ಮ ಒಮ್ಮೆ ಮಗಳ ಮುಖ, ಒಮ್ಮೆ ಅವನ ಮುಖ ನೋಡಿದರು. ನಗಲಿಲ್ಲ.

ಆಯುಧಪೂಜೆಯ ಹಿಂದಿನ ಭಾನುವಾರ ಅಮ್ಮ, ಅಣ್ಣ ಇಬ್ಬರೂ ನೆಂಟರ ಮನೆಗೆ ಹೋಗಿದ್ದರು. ವಾಣಿ ಸ್ಟೀರಿಂಗ್ ಹಿಡಿದು ಕೂತಿದ್ದಳು, ಅವನು ಬಾನೆಟ್ ಎತ್ತಿ ಬಗ್ಗಿದ್ದ. "ತಿರುಗಿಸಿ," ಎಂದ. ತಿರುಗಿಸಿದಳು.

ಕಾರು ಒಮ್ಮೆ ಕೆಮ್ಮಿತು. ಆಮೇಲೆ ಶೆಡ್ಡಿನ ತಗಡೆಲ್ಲ ನಡುಗುವಂತೆ ಸ್ಟಾರ್ಟ್ ಆಯಿತು. ಚಿಕ್ಕವಳಿದ್ದಾಗ ಬೀದಿಯ ತಿರುವಿನಲ್ಲೇ ಕೇಳಿಸುತ್ತಿದ್ದ ಸದ್ದು ಅದು, ಅಪ್ಪ ಬಂದರು ಎನ್ನುವ ಸದ್ದು. ವಾಣಿಗೆ ಸಂತೋಷವಾಯಿತು. ಮರುಕ್ಷಣ ತಾನಿಟ್ಟ ಶರತ್ತು ನೆನಪಾಯಿತು. ಕೀ ತಿರುಗಿಸಿ ಆಫ್ ಮಾಡಿದಳು.

"ಯಾರಿಗೂ ಕೇಳಿಸಿಲ್ಲ," ಎಂದಳು.

ಅವನು ಬಾನೆಟ್ಟಿನ ಹಿಂದಿನಿಂದ ಬರಲಿಲ್ಲ.

"ಆಗಲ್ಲ ಅಂತ ಹೇಳ್ಬಿಡಿ. ಇಂಜಿನ್ ಹೋಗಿದೆ ಅಂತ."

"ಹೇಳಿದ್ರೆ ನಾನು ಬರೋದೂ ನಿಲ್ಲುತ್ತೆ."

"ಮದುವೇನಾದ್ರೂ ನಿಲ್ಲುತ್ತಲ್ಲ."

ಅವನು ಬಾನೆಟ್ ಮುಚ್ಚಿದ. ಈಗ ಇಬ್ಬರ ನಡುವೆ ಕಾರಿನ ಗಾಜು ಮಾತ್ರ ಇತ್ತು, ಅದನ್ನೂ ಅವನೇ ಒರೆಸಿ ಫಳಫಳ ಮಾಡಿದ್ದ.

"ನಾನು ಕೈಲಾಗಲ್ಲ ಅಂತ ಹೊರಟ್ರೆ ಒಳಗಡೆ ಏನಂತಾರೆ ಹೇಳಿ. ಆ ಕಡೆಯೋರ ಕೆಲಸ ಇಷ್ಟೇ ಅಂತಾರೆ. ನಮ್ಮಪ್ಪ ಜೀವಮಾನವೆಲ್ಲಾ ಅದನ್ನ ಕೇಳಿದಾರೆ. ನನ್ನ ಬಾಯಲ್ಲೇ ಅದನ್ನ ಹೇಳಿಸ್ಬೇಡಿ ವಾಣಿ."

ಮೇಡಂ ಎನ್ನುವುದು ಹೋಗಿತ್ತು. ಹೋದದ್ದನ್ನು ಇಬ್ಬರೂ ಗಮನಿಸಿದರು.

"ಹಾಗಾದ್ರೆ ಬಂದು ಹೆಣ್ಣು ಕೇಳಿ."

"ಪೇಪರ್ ಲೋಟ ಹಿಡ್ಕೊಂಡಾ?"

"ನಾನೇ ಬಂದ್ಬಿಡ್ತೀನಿ ಅಂದ್ರೆ?"

"ನಿಮ್ಮ ಹಿಂದೇನೇ ನಿಮ್ಮಣ್ಣ ಬರ್ತಾರೆ. ಒಬ್ರೇ ಬರಲ್ಲ. ಹಗಲು ಹೊತ್ತು ನಮ್ಮನೇಲಿ ಅಪ್ಪ ಒಬ್ರೇ ಇರ್ತಾರೆ."

ವಾಣಿಗೆ ತನ್ನ ಅಣ್ಣ ಗೊತ್ತಿದ್ದ. "ಇಷ್ಟ ಇದ್ಯಾ? ಅದನ್ನಾದ್ರೂ ಹೇಳಿ," ಎಂದಳು.

"ಆ ರಬ್ಬರ್ ಜೆ.ಸಿ. ರಸ್ತೇಲಿ ಮೊದಲ್ನೇ ವಾರಾನೇ ಸಿಕ್ಕಿತ್ತು," ಎಂದ ಪ್ರಸನ್ನ. "ಒಂದು ತಿಂಗಳು ಜೇಬಲ್ಲೇ ಇಟ್ಕೊಂಡು ಓಡಾಡಿದೆ."

ಪೂಜೆಯ ದಿನ ಬೀದಿಯ ಗಂಡಸರು ಅಭ್ಯಾಸಬಲದಿಂದ ಕಾರಿನ ಹಿಂದೆ ಸಾಲಾಗಿ ನಿಂತರು. ಗೌರೀಶ ಅವರನ್ನು ಪಕ್ಕಕ್ಕೆ ಕಳಿಸಿದ. ಬೂದುಗುಂಬಳ ಒಡೆದಾಯಿತು, ಚಕ್ರದಡಿ ನಿಂಬೆಹಣ್ಣು ಇಟ್ಟಾಯಿತು. ಅದೇ ತಿಳಿನೀಲಿ ಅಂಗಿಯಲ್ಲಿ ಪ್ರಸನ್ನ ಸ್ಟೀರಿಂಗ್ ಹಿಡಿದು ಕೂತ. ಕನ್ನಡಿಯಲ್ಲಿ ಹಿಂದೆ ನಿಂತಿದ್ದ ವಾಣಿ ಕಂಡಳು, ಕೈಯಲ್ಲಿ ಪಂಚಾಮೃತದ ಬಟ್ಟಲು. ಒಮ್ಮೆ ಕಣ್ತುಂಬ ನೋಡಿ ಕೀ ತಿರುಗಿಸಿದ.

ನಿಂಬೆಹಣ್ಣುಗಳು ಪಚಕ್ಕೆಂದವು. ಆ ವರ್ಷ ಚಪ್ಪಾಳೆ ಕೇಳಿಸಲಿಲ್ಲ, ಕಾರಿನ ಸದ್ದು ಅಷ್ಟಿತ್ತು.

ಬೀದಿ ಸುತ್ತಿ ಬಂದವನಿಗೆ ವಿಶಾಲಮ್ಮ ಎಲೆ, ಅಡಿಕೆ, ಪಂಚೆ ಇಟ್ಟ ತಟ್ಟೆ ಕೊಟ್ಟರು. ತುಂಬ ಮನಸಾರೆ ಕೊಟ್ಟರು. ಪಂಚಾಮೃತವನ್ನು ಪೇಪರ್ ಲೋಟದಲ್ಲಿ ಕೊಟ್ಟರು. ಗೌರೀಶ ಆಗಲೇ ಗೇಟಿನ ಹತ್ತಿರ ಫೋನಿನಲ್ಲಿದ್ದ: "ಓಡ್ತು ಸರ್, ಕಾರು ಓಡ್ತು! ದೀಪಾವಳಿ ಒಳಗೆ ನಿಶ್ಚಿತಾರ್ಥ ಮುಗಿಸ್ಬಿಡೋಣ."

ಪ್ರಸನ್ನ ಕೀ ತಂದು ವಾಣಿಯ ಕೈಗಿಟ್ಟ.

"ಸುಮ್ನೆ ನಿಲ್ಲಿಸ್ಬೇಡಿ. ಪ್ರತಿ ಭಾನುವಾರ ಒಂದ್ಸಲ ಸ್ಟಾರ್ಟ್ ಮಾಡಿ. ಸ್ವಲ್ಪ ಹೊತ್ತು ಹಾಗೇ ಬಿಡಿ."

"ಆಮೇಲೆ?"

"ಆಮೇಲೆ ಆಫ್ ಮಾಡಿ."

ಅವನ ಬೈಕು ತಿರುವು ದಾಟಿತು. ಸದ್ದು ಪೂರ್ತಿ ಹೋಗುವವರೆಗೆ ವಾಣಿ ಕೇಳಿಸಿಕೊಂಡಳು. ನಂತರ ಬಟ್ಟಲು ಹಿಡಿದು ಕಾರಿನ ಹಿಂದೆ ಹೋಗಿ, ಟ್ಯಾಂಕಿನ ಮುಚ್ಚಳ ತಿರುಗಿಸಿ, ಉಳಿದಷ್ಟನ್ನೂ ಸುರಿದಳು.

"ಏನೇ ಮಾಡ್ತಿದೀಯಾ!" ವಿಶಾಲಮ್ಮ ಓಡಿಬಂದರು. "ಕೆಟ್ಟೋಗುತ್ತೆ ಅಂತ ಆ ಹುಡುಗ ಅಷ್ಟು ಹೇಳಿದಾನೆ!"

"ಹರಕೆ ಅಮ್ಮಾ."

"ಏನಂತ ಕೇಳ್ಕೊಂಡೆ?"

"ನೀನು ಕೇಳ್ಕೊಂಡಿದ್ದೇ. ಉಲ್ಟಾ."

ಗೇಟಿನ ಬಳಿ ಗೌರೀಶ ಹುಡುಗನ ಕಡೆಯವರಿಗೆ ಛತ್ರದ ಹೆಸರು ಹೇಳುತ್ತಿದ್ದ. ಹರಕೆ ಮುಟ್ಟದಷ್ಟು ದೂರ ಮಾತು ಹೋಗಿತ್ತು. ವಾಣಿಗೂ ಅದು ಗೊತ್ತಿತ್ತು, ಅವಳ ಕೈ ಮಾತ್ರ ಖಾಲಿ ಬಟ್ಟಲನ್ನು ಇನ್ನೂ ಬಗ್ಗಿಸಿಕೊಂಡೇ ಇತ್ತು.

ವಿಶಾಲಮ್ಮ ಮಗಳನ್ನು ನೋಡಿದರು. ಮಗ ಇತ್ತ ತಿರುಗಿದ್ದಾನಾ ಎಂದು ನೋಡಿದರು. ಬಟ್ಟಲನ್ನು ಅವಳ ಕೈಯಿಂದ ಬಿಡಿಸಿಕೊಂಡು, ಟ್ಯಾಂಕಿನ ಮುಚ್ಚಳವನ್ನು ತಾವೇ ಬಿಗಿಯಾಗಿ ಹಾಕಿದರು. ಅಂಚಿನಲ್ಲಿ ಇಳಿಯುತ್ತಿದ್ದ ಜೇನುತುಪ್ಪದ ಹನಿಯನ್ನು ಸೆರಗಿನಿಂದ ಒರೆಸಿದರು.

"ಇರುವೆ ಬರುತ್ತೆ ಕಣೇ," ಎಂದರು.