ಬಿನಾಳನ್ನು ಬಿಟ್ಟುಬಂದ ಗಗನನೌಕೆ

ಮುದುಕನಿಗೆ ನೆನಪು ಕೈಕೊಟ್ಟಿದೆ ಅನ್ನುವವರು ಈಗಲೇ ಎದ್ದು ಹೋಗಿ! ಆ ಸಂಜೆ ಜಾರ್ಜಿಯಾದ ಸವಾನಾ ಊರಿನ ನಮ್ಮ ಕಪ್ಪು ಜನರ ಚರ್ಚ್ ಹಾಲ್‌ನಲ್ಲಿ ಮುಂದಿನ ಬೆಂಚಿನಲ್ಲೇ ಕೂತಿದ್ದವನು ನಾನು. ಉಳಿದವರು ತೆಪ್ಪಗೆ ಕೇಳಿ.

ನಮ್ಮೂರಿನ ಆರ್ಲೆತಾ ತಾನು ಬರೆದ, ಇನ್ನೂ ಅಚ್ಚಾಗದ ಕಾದಂಬರಿ ಓದುತ್ತಿದ್ದಳು. ಮುಂದಿನ ಕಾಲದ ಹುಡುಗಿಯೊಬ್ಬಳು ಗಗನನೌಕೆಯಲ್ಲಿ ಹಿಂದಿನ ಕಾಲಕ್ಕೆ ಬಂದು, ಭತ್ತದ ಗದ್ದೆಯಲ್ಲಿ ಗುಲಾಮಳಾಗಿ ದುಡಿಯುತ್ತಿದ್ದ ಎಷ್ಟೋ ತಲೆಮಾರು ಹಿಂದಿನ ತನ್ನ ಅಜ್ಜಿ ಬಿನಾಳನ್ನು ನೋಡಿ, ಅವಳನ್ನು ಅಲ್ಲೇ ಬಿಟ್ಟು ಮರಳುವ ಕಥೆ.

ನಮ್ಮಲ್ಲಿ ಯಾರೇ ಓದಲಿ, ಹಾಡಲಿ, ಕೂತವರು ಕೂಗಿ ಉತ್ತರ ಕೊಡಲೇಬೇಕು.

"ಹೌದಮ್ಮಾ!"

"ಹೇಳು ಸಿಸ್ಟರ್, ಬಿಡಬೇಡ!"

ಒಬ್ಬ ಮಾತ್ರ ತುಟಿ ಬಿಚ್ಚಲಿಲ್ಲ. ಶಾಲೆಯ ಬ್ಯಾಂಡ್ ಮೇಷ್ಟ್ರು ಡೆಲ್ರಾಯ್. ಅಲ್ಲಿ ಸುಮ್ಮನಿರುವುದೆಂದರೆ ಮುಖಕ್ಕೆ ಉಗಿದ ಹಾಗೆ!

ಎಷ್ಟು ಸೊಕ್ಕು ಇವನಿಗೆ... ಆರ್ಲೆತಾಳ ಎದೆ ಉರಿಯಿತು. ಓದು ಮುಗಿದದ್ದೇ ತಡ, ಊಟಕ್ಕೆ ಮೀನು ಕರಿಯುತ್ತಿದ್ದ ಚರ್ಚ್ ಅಂಗಳದಲ್ಲಿ ಅವನನ್ನು ತಡೆದಳು.

"ಏನ್ರೀ ಮೇಷ್ಟ್ರೇ, ನಾಲಿಗೆ ಮನೇಲಿ ಬಿಟ್ಟು ಬಂದ್ರಾ?"

"ಗಂಟಲು ಕಟ್ಟಿತ್ತು ಕಣ್ರೀ..." ಅವನ ಕಣ್ಣು ಕೆಂಪಾಗಿತ್ತು. "ಅಷ್ಟು ದೊಡ್ಡ ನೌಕೆ ತಂದು, ಆ ತಾಯೀನ ಅಲ್ಲೇ ಬಿಟ್ಟು ಬಂದ್ರಲ್ಲ!"

"ಕರ್ಕೊಂಡು ಬಂದ್ರೆ ವಂಶಾನೇ ಅಳಿಸಿಹೋಗತ್ತೆ. ಆ ಹುಡುಗಿ ಹುಟ್ಟೋದೇ ಇಲ್ಲ!"

"ಸರಿ. 'ನಿನ್ನ ಬಿಟ್ಟು ಹೋಗ್ಲಾ' ಅಂತ ಬಿನಾನ ಒಂದು ಮಾತು ಕೇಳಿದ್ರಾ?"

ಆರ್ಲೆತಾ ಕೈಲಿದ್ದ ಹಾಳೆಗಳನ್ನು ತಿರುವಿ ನೋಡಿದಳು. ದುಡಿಸಿಕೊಂಡ ಧಣಿಯೂ ಬಿನಾಳನ್ನು ಕೇಳಲಿಲ್ಲ... ಬರೆದ ನಾನೂ ಕೇಳಲಿಲ್ಲ, ಅಂದುಕೊಂಡಳು!

ಆ ಚಳಿಗಾಲವೆಲ್ಲ ಅವನ ಅಡುಗೆಮನೆಯಲ್ಲಿ ಜಗಳವಾಡುತ್ತಲೇ ಹೊಸ ಕೊನೆ ಬರೆದಳು. ಬಿನಾ ನೌಕೆ ಹತ್ತುವುದಿಲ್ಲ. "ನಿನ್ನ ಹಡಗು ನಂಗ್ಯಾಕೆ? ಬೆಂಕಿಪೊಟ್ಟಣ ಕೊಟ್ಟು ಹೋಗು" ಅನ್ನುತ್ತಾಳೆ. ಧಣಿಯ ಕಣಜಕ್ಕೆ ಬೆಂಕಿಯಿಟ್ಟು, ಮಗಳನ್ನು ಬೆನ್ನಿಗೆ ಕಟ್ಟಿಕೊಂಡು ಜೌಗು ಕಾಡಿಗೆ ನುಗ್ಗುತ್ತಾಳೆ.

ಪುಸ್ತಕ ಅಚ್ಚು ಹಾಕಲು ಒಪ್ಪಿದ್ದ ಪ್ರಕಾಶಕರು ಹೊಸ ಕೊನೆ ಓದಿ ಫೋನ್ ಮಾಡಿದರು. "ಕೊನೇಲಿ ಬಿನಾ ಧಣೀನ ಕ್ಷಮಿಸ್ಬೇಕು. ಇಲ್ಲದಿದ್ರೆ ಪುಸ್ತಕ ಬರಲ್ಲ."

ವರ್ಷಗಳ ಕನಸು... ಆದರೂ ಆರ್ಲೆತಾಳ ದನಿ ನಡುಗಲಿಲ್ಲ.

"ಕ್ಷಮಿಸೋದು ಬಿಡೋದು ಬಿನಾಗೆ ಸೇರಿದ್ದು. ಅವಳು ಒಲ್ಲೆ ಅಂದಿದ್ದಾಳೆ. ನಿಮ್ಮ ಕರಾರು ನೀವೇ ಇಟ್ಕೊಳ್ಳಿ!"

ಫೋನ್ ಇಟ್ಟವಳೇ ಅತ್ತುಬಿಟ್ಟಳು. "ಇನ್ನು ಯಾರು ಓದ್ತಾರೆ ಡೆಲ್ರಾಯ್?"

"ಓದೋದ್ಯಾಕೆ? ಊರೂರಿಗೆ ಹೋಗಿ ಬಾಯಲ್ಲೇ ಹೇಳೋಣ. ನೀನು ಹೇಳು, ನಾನು ಡ್ರಮ್ ಬಾರಿಸ್ತೀನಿ."

"ಎಷ್ಟು ದಿನ?"

"ಸಾಯೋ ತನಕ... ಮದುವೆ ಆಗ್ತೀಯಾ?"

"ದಿನಾ ಜಗಳ ಆಡ್ತೀನಿ, ನೋಡು!"

"ಆಡು. ಪಕ್ಕದಲ್ಲೇ ಕೂತು ಆಡು."

ಅವಳು ಬಂದು ಕೂತಳು.

ಆ ಪುಸ್ತಕ ಇವತ್ತಿಗೂ ಅಚ್ಚಾಗಿಲ್ಲ. ಬಿನಾ ಮಾತ್ರ ಬಾಯಿಂದ ಬಾಯಿಗೆ ಜಾರ್ಜಿಯಾ ಪೂರ್ತಿ ಓಡಾಡುತ್ತಿದ್ದಾಳೆ. ನೀವೂ ನಾಲ್ಕು ಜನಕ್ಕೆ ಹೇಳಿ. ಕ್ಷಮೆ ಮಾತ್ರ ಸೇರಿಸಬೇಡಿ!