ದರ ಇಳಿಸಿದರೆ ಹೌದು

ಹೆದ್ದಾರಿಯ ವೇಗದ ಲೇನಿಗೆ ಟೋಲ್ ದರ ಹಾಕುವವಳು ನಾನು. ವಾಹನ ಹೆಚ್ಚಾದರೆ ಏರಿಸಬೇಕು, ಕಡಿಮೆಯಾದರೆ ಇಳಿಸಬೇಕು. ದುಬಾರಿಯಾದರೆ ಜನ ಪಕ್ಕದ ಪುಕ್ಕಟೆ ಲೇನಿಗೆ ಸರಿಯುತ್ತಾರೆ, ವೇಗದ ಲೇನ್ ಜಾಮಾಗುವುದಿಲ್ಲ. ದಾರಿಯ ಬೋರ್ಡುಗಳಲ್ಲಿ ಅಂಕಿ ಏರಿದಾಗಲೆಲ್ಲ ಜನ ನನಗೆ ಹಿಡಿಶಾಪ ಹಾಕುತ್ತಾರೆ. ಹಾಕಲಿ, ಅದು ಅಭ್ಯಾಸವಾಗಿದೆ. ಸ್ಕ್ರೀನ್ ನೋಡಿ ನೋಡಿ ಬರುವ ಕಣ್ಣುರಿ ಮಾತ್ರ ಇನ್ನೂ ಅಭ್ಯಾಸವಾಗಿಲ್ಲ.

ಕೆಟ್ಟು ನಿಂತ ವಾಹನಗಳನ್ನು ಎಳೆಯುವ ಕ್ರೇನಿನವನು ಮಧ್ಯಾಹ್ನ ಊಟದ ಹೊತ್ತಿಗೆ ಕಂಟ್ರೋಲ್ ರೂಮಿಗೆ ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕುಸಿಯುತ್ತಿದ್ದ. ಇಬ್ಬರಿಗೂ ಮಾತಾಡುವ ತ್ರಾಣವಿರುತ್ತಿರಲಿಲ್ಲ. ಗ್ರೀಸ್ ಮೆತ್ತಿದ ಕೈಯನ್ನು ನಾನು ನೋಡಿದರೆ ಬೆನ್ನ ಹಿಂದೆ ಅಡಗಿಸಿಕೊಂಡು ನಗುತ್ತಿದ್ದ. ಆ ನಗುವಿಗೆ ಸೋತು ಎಷ್ಟೋ ದಿನವಾಗಿತ್ತು. ಹೇಳಿರಲಿಲ್ಲ.

ಇವತ್ತು ಇಲ್ಲಿ ಅವನ ಕೊನೆಯ ದಿನ. ನಾಳೆಯಿಂದ ದೂರದ ಇನ್ನೊಂದು ಹೆದ್ದಾರಿಗೆ ವರ್ಗ.

"ಮೇಡಮ್, ಒಂದು ಮಾತು," ಊಟ ಮುಗಿಸಿ ಹೊರಟವನು ಬಾಗಿಲಲ್ಲಿ ನಿಂತ. "ಜೀವನಪೂರ್ತಿ ಹೀಗೇ ನಿಮ್ ಪಕ್ಕ ಸುಸ್ತಾಗಿ ಕೂತ್ಕೋಬೇಕು ಅನ್ಸುತ್ತೆ."

"ಇದೇನ್ರೀ, ಪ್ರೀತಿನೋ ನಿಶ್ಶಕ್ತಿನೋ?"

ಅವನ ಕಿವಿ ಕೆಂಪಾಯಿತು. "ಈಗ್ಲೇ ಹೇಳ್ಬೇಡಿ, ತಡ್ಕೊಳೋಕಾಗಲ್ಲ. ಸಂಜೆ ಬೋರ್ಡಲ್ಲಿ ನೋಡ್ಕೋತೀನಿ. ದರ ಇಳಿಸಿದ್ರೆ ಹೌದು. ಏರಿಸಿದ್ರೆ ಹಾಗೇ ಹೊರಟ್ಹೋಗ್ತೀನಿ."

ಸಂಜೆ ಲೇನ್ ತುಂಬತೊಡಗಿತು. ಇಳಿಸುವುದು ಹಾಗಿರಲಿ, ಇದ್ದ ದರವನ್ನೇ ಬಿಟ್ಟರೂ ಕಾರುಗಳು ಒಂದಕ್ಕೊಂದು ಅಂಟಿಕೊಂಡು ನಿಲ್ಲುತ್ತವೆ. ನಡುವೆ ಎಲ್ಲೋ ಅವನ ಕ್ರೇನೂ ಸಿಕ್ಕಿಹಾಕಿಕೊಳ್ಳುತ್ತದೆ. ಏರಿಸಿದೆ.

ವೈರ್‌ಲೆಸ್‌ನಲ್ಲಿ ಅವನ ದನಿ ಬಂತು. "ನೋಡಿದೆ ಮೇಡಮ್. ಆಯ್ತು."

ವೈರ್‌ಲೆಸ್‌ನಲ್ಲಿ ಆಡಿದ ಮಾತು ಎಲ್ಲ ಟೋಲ್ ಬೂತುಗಳಿಗೂ ಕೇಳುತ್ತದೆ. ಕೇಳಿದರೆ ಕೇಳಲಿ ಎಂದು ಬಟನ್ ಒತ್ತಿದೆ.

"ಏನ್ರೀ ಆಯ್ತು? ಇಳಿಸಿದ್ರೆ ಲೇನ್ ಜಾಮಾಗಿ ನೀವು ಅಲ್ಲೇ ಕೊಳೀತಿದ್ರಿ. ಏರಿಸಿದ್ದು ದಾರಿ ಖಾಲಿಯಾಗ್ಲಿ ಅಂತ. ಡ್ಯೂಟಿ ಮುಗಿಸಿ ಬೇಗ ಬನ್ನಿ."

ತಕ್ಷಣ ಮೂರನೇ ಬೂತಿನ ಅಕ್ಕನ ದನಿ: "ಬಾರಪ್ಪಾ ಮಹರಾಯ! ಊರವ್ರ ಹತ್ರ ಎಲ್ಲ ಬೈಸ್ಕೊಂಡು ನಿಂಗೆ ದಾರಿ ಮಾಡ್ಕೊಟ್ಟಿದ್ದಾಳೆ."

ಬಂದ. ಅದೇ ಕುರ್ಚಿಯಲ್ಲಿ ಕುಸಿದ.

"ಕೈ ತೊಳ್ಕೊಂಡಿಲ್ಲ," ಅಂದ.

"ಇರ್ಲಿ, ಕೊಡಿ."

ಗ್ರೀಸ್ ನನ್ನ ಅಂಗೈಗೂ ಮೆತ್ತಿತು. ಇಬ್ಬರೂ ಕಣ್ಣು ಮುಚ್ಚಿ ಕೂತೆವು.

"ನಾಳೆಯಿಂದ ಅಷ್ಟು ದೂರ..." ಎಂದೆ.

"ಸಂಜೆ ಸಂಜೆ ಬಂದೇ ಬರ್ತೀನಿ," ಅಂದ. "ನೀವು ದರ ಏರ್ಸಿಡಿ."