ಗರಿಯಪ್ಪ ಹೇಳದ ವಿಳಾಸ

ಅಕ್ಟೋಬರ್ ಹದಿನಾಲ್ಕು, ಸೋಮವಾರ, ಬೆಳಿಗ್ಗೆ ಒಂಬತ್ತು ನಲವತ್ತು. ಕೈರೋದ ದರ್ಬ್ ಅಲ್-ಹಸೀರ್ ಠಾಣೆಯ ಮೆಟ್ಟಿಲು ಹತ್ತಿ ಕಳ್ಳ ಬಯೂಮಿ ತಾನಾಗಿಯೇ ಬಂದ. ಹಿಂದೆ ಆರು ಸಲ ಬಂದಿದ್ದನಾದರೂ ಆಗೆಲ್ಲ ಗೇಟಿನಿಂದ ಕತ್ತಿನ ಪಟ್ಟಿ ಹಿಡಿದು ಒಳಗೆ ತರಬೇಕಾಗಿತ್ತು. ಹೀಗಾಗಿ ಬಾಗಿಲಲ್ಲಿ ಕೂತಿದ್ದ ಹೆಡ್ ಕಾನ್‌ಸ್ಟೇಬಲ್ ಅತಿಯ್ಯಾ ಮೊದಲು ತನ್ನ ಜೇಬು ಮುಟ್ಟಿ ನೋಡಿಕೊಂಡ.

"ಏನೋ, ಇವತ್ತು ಒಬ್ನೇ ಬಂದಿದೀಯ? ಹಿಡ್ಕೊಂಡು ಬರೋರಿಗೆ ರಜವಾ?"

"ದೂರು ಕೊಡ್ಬೇಕು, ಅತಿಯ್ಯಣ್ಣ."

"ನೀನು? ಯಾರ ಮೇಲಪ್ಪಾ? ಖಾಲಿ ಪರ್ಸ್ ಇಟ್ಕೊಂಡು ನಿನಗೆ ಮೋಸ ಮಾಡಿದೋನ ಮೇಲಾ?"

"ಗರಿಯಪ್ಪನ ಮೇಲೆ," ಎಂದ ಬಯೂಮಿ.

ಅತಿಯ್ಯಾ ಕೂತಲ್ಲಿಂದ ಎದ್ದೇಬಿಟ್ಟ. ಅಬೂ ರೀಶ್, ಅಂದರೆ ಗರಿಯಪ್ಪ, ಈ ಊರಿನ ಕಣ್ಮಣಿ. ಹತ್ತು ಮಹಡಿಯನ್ನು ಒಂದೇ ನೆಗೆತಕ್ಕೆ ಏರುವವನು. ಹೊತ್ತಿ ಉರಿಯುವ ಮನೆಯಿಂದ ಮುದುಕಿಯೊಬ್ಬಳನ್ನೂ ಅವಳು ಬಿಡಲೊಲ್ಲೆ ಎಂದ ಟಿ.ವಿ.ಯನ್ನೂ ಒಟ್ಟಿಗೇ ಹೊತ್ತು ತಂದವನು. ಮುಖಕ್ಕೆ ಬೂದು ಬಟ್ಟೆ ಸುತ್ತಿರುತ್ತಾನೆ, ಬಂದು ಹೋದ ಜಾಗದಲ್ಲಿ ಒಂದು ಗರಿ ಬಿದ್ದಿರುತ್ತದೆ. ಅವನ ಮೇಲೆ ದೂರು ಬರೆಯುವುದೆಂದರೆ ಬೀದಿಯವರೆಲ್ಲ ಬಂದು ಠಾಣೆಗೆ ಕಲ್ಲು ಹೊಡೆಯುವ ಮಾತು.

ಒಳಗಿನ ಕೋಣೆಯಲ್ಲಿದ್ದ ಇನ್ಸ್‌ಪೆಕ್ಟರ್ ಷುಕ್ರಿ ಚಹಾದ ಲೋಟ ಕೆಳಗಿಟ್ಟ. ಎರಡು ವರ್ಷದ ಹಿಂದೆ ಮಿನಿಬಸ್ಸೊಂದು ಕಾಲುವೆಗೆ ಉರುಳಿದಾಗ ಗರಿಯಪ್ಪ ಅದನ್ನು ತಲೆಯ ಮೇಲೆತ್ತಿ ದಡಕ್ಕಿಟ್ಟಿದ್ದ. ಅದರೊಳಗೆ ಷುಕ್ರಿಯ ತಂಗಿ ಷಹೀರಾ ಇದ್ದಳು. ಅವನು ಎಂದಾದರೂ ಎದುರು ಸಿಕ್ಕರೆ ಕೈ ಹಿಡಿದು ನಾಲ್ಕು ಮಾತಾಡಬೇಕೆಂದು ಷುಕ್ರಿ ಅಂದಿನಿಂದಲೂ ಆಸೆಯಿಂದ ಕಾಯುತ್ತಿದ್ದ. ಹೀಗೆ, ಎಫ್‌ಐಆರ್ ಪುಸ್ತಕದ ಮೂಲಕ ಅವನು ಸಿಕ್ಕಾನೆಂದು ಎಣಿಸಿರಲಿಲ್ಲ.

"ಒಳಗೆ ಕಳಿಸು," ಎಂದ.

ಬಯೂಮಿ ನಿಂತೇ ಮಾತಾಡಿದ, ಮಾತುಮಾತಿಗೂ ಬಾಷಾ, ಅಂದರೆ ಸಾಹೇಬರೇ, ಎನ್ನುತ್ತ. ಬಡಕಲು ಆಳು, ಗಡ್ಡ ಬೋಳಿಸಿರಲಿಲ್ಲ, ಕಣ್ಣು ಕೆಂಪಗಿತ್ತು.

"ಏನಾಯ್ತು?"

"ಇನ್ಷಿರಾನ ಎತ್ಕೊಂಡು ಹೋದ, ಬಾಷಾ. ನನ್ನ ಹೆಂಡ್ತೀನ."

"ಎಲ್ಲಿಂದ? ಯಾವಾಗ?"

"ನಿನ್ನೆ ಸಾಯಂಕಾಲ ನಾಲ್ಕೂವರೆ. ನಮ್ಮ ಮನೆ ತಾರಸಿಯಿಂದ. ಬಟ್ಟೆ ಒಣಗಿಸ್ತಾ ಇದ್ಲು. ನಾನು ಕ್ಲಿಪ್ಪು ಕೊಡ್ತಿದ್ದೆ."

"ಹೊಡೆದನಾ?"

"ಇಲ್ಲ. ಮಗೂನ ಎತ್ಕೊಳ್ಳೋ ಹಾಗೆ ಎತ್ಕೊಂಡ. ಅವಳು ಅವನ ಕಿವಿ ಕಚ್ಚಿದ್ಲು. ಆದ್ರೂ ಬಿಡ್ಲಿಲ್ಲ."

"ಏನಾದ್ರೂ ಹೇಳಿದನಾ?"

"'ಇನ್ಮೇಲೆ ಇಬ್ರೂ ಒಳ್ಳೆಯವರಾಗ್ತೀರ. ಇವಳಿದ್ದ ಕಡೆಗೆ ನೀನೇ ಬರ್ತೀಯ, ಬಂದ ಮೇಲೆ ಹಳೇ ಚಾಳಿ ಮರೀತೀಯ' ಅಂದ. ಎಲ್ಲಿಗೋ ಬರೋದು ಅಂತ ಕೂಗಿದೆ. 'ಅದು ನಿನಗೇ ಗೊತ್ತಾಗುತ್ತೆ' ಅಂದು ಹಾರೇಬಿಟ್ಟ." ಬಯೂಮಿ ಮೂಗು ಒರೆಸಿಕೊಂಡ. "ನಂಗೇನೂ ಗೊತ್ತಾಗ್ತಿಲ್ಲ ಬಾಷಾ. ನಿನ್ನೆಯಿಂದ ಬೀದಿ ಬೀದಿ ಸುತ್ತಿದೀನಿ. ಅವಳು ಅಲ್ಲೆಲ್ಲೋ ಕೂತು, ಇವನು ಯಾಕೆ ಇನ್ನೂ ಬರ್ಲಿಲ್ಲ ಅಂತ ಅಂದ್ಕೊಳ್ತಿರ್ತಾಳೆ."

ಷುಕ್ರಿ ಈ ಜೋಡಿಯ ಕಡತ ಬಲ್ಲವನು. ಬೀದಿಯಲ್ಲಿ ಶಾಮಿಯಾನ ಹಾಕಿದ ಮದುವೆಗಳಿಗೆ ಕರೆಯದೆ ಹೋಗುವುದೇ ಇವರ ಕಸುಬು. ಇನ್ಷಿರಾ ನಾಲಗೆ ಹೊರಳಿಸಿ ಮದುವೆ ಸಂಭ್ರಮದ ಉಲುಲು ಕೂಗು ಹಾಕಿದಳೆಂದರೆ ಮೂರು ಬೀದಿಗೆ ಕೇಳಿಸುತ್ತಿತ್ತು. ಹೆಂಗಸರೆಲ್ಲ ಮದುಮಗಳ ಕಡೆ ತಿರುಗಿ ತಾವೂ ಉಲುಲು ಹಾಕುವಷ್ಟರಲ್ಲಿ ಬಯೂಮಿ ಎರಡು ಬಳೆ ಕತ್ತರಿಸಿರುತ್ತಿದ್ದ. ಆರು ಸಲವೂ ಗರಿಯಪ್ಪನೇ ಹಿಡಿದು, ಠಾಣೆಯ ಗೇಟಿಗೆ ಇಬ್ಬರನ್ನೂ ಬೆನ್ನಿಗೆ ಬೆನ್ನು ಸೇರಿಸಿ ಕಟ್ಟಿಹಾಕಿ ಹೋಗಿದ್ದ. ಆರು ಸಲವೂ ಅವರು ಶಿಕ್ಷೆ ಮುಗಿಸಿ ಬಂದು ಮತ್ತೆ ಮದುವೆಗೆ ಹೊರಟಿದ್ದರು.

ಷುಕ್ರಿ ಎಫ್‌ಐಆರ್ ಬರೆದ. ಅಪಹರಣ. ಆರೋಪಿಯ ಹೆಸರಿನ ಜಾಗದಲ್ಲಿ 'ಗರಿಯಪ್ಪ ಎಂದು ಕರೆಯಲ್ಪಡುವ ಅಪರಿಚಿತ' ಎಂದು ಬರೆಯುವಾಗ ಮಾತ್ರ ಅವನ ಪೆನ್ನು ಒಂದು ಗಳಿಗೆ ನಿಂತಿತು.

ಹನ್ನೊಂದು ಹತ್ತಕ್ಕೆ ತಾರಸಿಯ ಮೇಲೆ ಪಂಚನಾಮೆ. ಪಂಚರಾಗಿ ಕೆಳಗಿನ ಇಸ್ತ್ರಿಯವನೂ ಎದುರುಮನೆಯ ನಿವೃತ್ತ ಮೇಷ್ಟ್ರೂ ಬಂದರು. ಗರಿಯಪ್ಪನ ಮೇಲೆ ಸಹಿ ಹಾಕುವುದಿಲ್ಲವೆಂದು ಇಸ್ತ್ರಿಯವನು ಹಟ ಹಿಡಿದ. "ಅವರ ಮೇಲಲ್ಲ, ಈ ಬಟ್ಟೆ ಬುಟ್ಟಿ ಇಲ್ಲಿದೆ ಅನ್ನೋದಕ್ಕೆ ಹಾಕೋ ಮಾರಾಯ," ಎಂದು ಅತಿಯ್ಯಾ ಪುಸಲಾಯಿಸಿ ಹಾಕಿಸಿದ. ದೊರೆತ ವಸ್ತುಗಳು: ಒದ್ದೆ ಬಟ್ಟೆಯ ಬುಟ್ಟಿ ಒಂದು. ಹೆಂಗಸರ ಚಪ್ಪಲಿ ಒಂದು ಜೊತೆ. ಬಿಳಿ ಗರಿ ಒಂದು.

ಚಪ್ಪಲಿಗಳು ಗೋಡೆಯ ಬುಡದಲ್ಲಿ ಒಂದರ ಪಕ್ಕ ಒಂದು ನೀಟಾಗಿ ಕೂತಿದ್ದವು.

"ಇದನ್ನ ಇಲ್ಲಿ ಇಟ್ಟವರು ಯಾರು?" ಎಂದ ಷುಕ್ರಿ.

"ಅವನೇ. ಅವಳ ಕಾಲಿಂದ ಬಿಚ್ಚಿ ಇಟ್ಟು ಹೋದ."

ಎತ್ತಿಕೊಂಡು ಹಾರುವವನು ಚಪ್ಪಲಿ ಯಾಕೆ ಬಿಚ್ಚುತ್ತಾನೆ? ಷುಕ್ರಿ ಗರಿಯನ್ನು ಬೆಳಕಿಗೆ ಹಿಡಿದ. ಬುಡದ ಹತ್ತಿರ ಸೂಜಿಯ ತೂತಿತ್ತು. ಅದರಲ್ಲಿ ಕೆಂಪು ರೇಷ್ಮೆ ನೂಲಿನ ತುಂಡು. ಇಷ್ಟು ವರ್ಷ ಊರಿನವರು ಈ ಗರಿಗಳನ್ನು ಗಾಜಿನ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದರೇ ಹೊರತು ಯಾರೂ ಹೀಗೆ ನೋಡಿರಲಿಲ್ಲ.

"ಪಾರಿವಾಳದ್ದು," ಎಂದ ಅತಿಯ್ಯಾ. "ಹಾರಬಾರ್ದು ಅಂತ ರೆಕ್ಕೆ ಹೊಲೀತಾರೆ."

ಮಧ್ಯಾಹ್ನ ಒಂದಕ್ಕೆ ಅವರು ಹಾಜಿ ಇಮಾರಾನ ತಾರಸಿ ಹತ್ತಿದರು. ಊರಿನ ಪಾರಿವಾಳ ಸಾಕುವವರಲ್ಲಿ ಹಿರಿಯ, ಎಪ್ಪತ್ತು ದಾಟಿದ ಮುದುಕ. ಅವನ ಮರದ ಪಾರಿವಾಳ ಗೋಪುರ ಮಸೀದಿಯ ಮಿನಾರಿಗೆ ಪೈಪೋಟಿ ಕೊಡುವಷ್ಟು ಎತ್ತರವಿತ್ತು. ಅವನು ಗರಿಯನ್ನು ಮೂಗಿನ ಹತ್ತಿರ ತಂದು ನೋಡಿದ.

"ಎಲ್ಲರೂ ಹತ್ತಿ ನೂಲು ಹಾಕ್ತಾರೆ. ಹಕ್ಕಿಗೆ ಒತ್ತುತ್ತೆ ಅಂತ ರೇಷ್ಮೆ ಹಾಕೋನು ಒಬ್ನೇ. ಲಿಫ್ಟ್ ರಿಪೇರಿ ಹಿಲ್ಮಿ. ಏನು ತಪ್ಪು ಮಾಡ್ದ?"

"ಇನ್ನೊಂದು ಹೇಳಿ ಹಾಜಿ. ಹೆಣ್ಣು ಹಕ್ಕೀನ ಮೊದ್ಲು ಹೊತ್ಕೊಂಡು ಹೋಗೋದು ಯಾಕೆ?"

"ಅಷ್ಟೂ ಗೊತ್ತಿಲ್ವಾ, ಮಗಾ? ಜೋಡೀನ ಹೊಸ ಗೂಡಿಗೆ ಒಗ್ಗಿಸ್ಬೇಕು ಅಂದ್ರೆ ಹೆಣ್ಣನ್ನ ಮೊದ್ಲು ಕೂರಿಸ್ಬೇಕು. ರೆಕ್ಕೆ ಹೊಲೀಬೇಕು, ವಾಪಸ್ ಹೋಗ್ಬಾರ್ದಲ್ಲ. ಗಂಡು ಹಳೇ ಗೂಡು ಬಿಟ್ಟು, ಎಷ್ಟು ದೂರ ಇದ್ರೂ ಹುಡುಕ್ಕೊಂಡು ಬರುತ್ತೆ. ಬಂದ ಮೇಲೆ ಹಳೇ ತಾರಸಿ ನೆನಪೇ ಇರಲ್ಲ ಅದಕ್ಕೆ."

ಅತಿಯ್ಯಾ ಹಣೆ ಚಚ್ಚಿಕೊಂಡ. "ಹಾಗಾದ್ರೆ ಆ ಚಪ್ಪಲಿ..."

"ಅದೇ ರೆಕ್ಕೆ," ಎಂದ ಷುಕ್ರಿ. ವರ್ಷಗಟ್ಟಲೆ ಇಡೀ ಊರನ್ನು ಕಾಯ್ದವನು ಬಯೂಮಿಗೆ ವಿಳಾಸ ಕೊಡದೆ ಹೋದದ್ದು ಕುಹಕದಿಂದಲ್ಲ. ಕೊಡಬೇಕೆಂದು ಅವನಿಗೆ ಹೊಳೆದೇ ಇರಲಿಲ್ಲ.

ಹಿಲ್ಮಿ ಈಗ ಇಲ್ಲಿಲ್ಲ ಎಂದ ಹಾಜಿ. ಮೂರು ವರ್ಷದ ಹಿಂದೆ ಹೆಂಡತಿ ಸುಮಯ್ಯಾ ಬಿಟ್ಟು ಹೋದಳು. ಶುಬ್ರಾದಲ್ಲಿ ತಂಗಿಯ ಮನೆಯಲ್ಲಿದ್ದಾಳೆ. ಗಂಡ ದಿನವೂ ಎಲ್ಲಿ ಹೋಗುತ್ತಾನೆ, ಯಾಕೆ ಮೈತುಂಬ ಗಾಯ ಮಾಡಿಕೊಂಡು ಬರುತ್ತಾನೆ ಎಂದು ಕೇಳಿ ಕೇಳಿ ಸೋತಳಂತೆ. ಅವನು ಬಾಯಿ ಬಿಡಲಿಲ್ಲವಂತೆ. ಆಮೇಲೆ ಮರುಭೂಮಿ ರಸ್ತೆಯ ಹೊಸ ಕಟ್ಟಡದಲ್ಲಿ ಹತ್ತನೇ ಮಹಡಿಯ ಮನೆ ಹಿಡಿದ. ಹಾಜಿ ಒಮ್ಮೆ ಒಂದು ಜೋಡಿ ಹಕ್ಕಿ ಕೊಡಲು ಹೋಗಿದ್ದನಂತೆ. ಅರ್ಧ ಮೆಟ್ಟಿಲಿಗೇ ಪ್ರಾಣ ಬಾಯಿಗೆ ಬಂದಿತ್ತಂತೆ.

ಮೂರು ಹತ್ತಕ್ಕೆ ಜೀಪು ಹೊರಟಿತು. ಬಯೂಮಿಯನ್ನು ಗುರುತು ಹಿಡಿಯಲೆಂದು ಹಿಂದೆ ಕೂರಿಸಿಕೊಂಡರು. ಅವನು ದಾರಿಯುದ್ದಕ್ಕೂ ಸೀಲು ಹಾಕಿದ ಚಪ್ಪಲಿಯ ಪೊಟ್ಟಣವನ್ನೇ ನೋಡುತ್ತಿದ್ದ.

"ಅವನು ಒದ್ದು ಓಡಿದ್ರೆ ಏನ್ಮಾಡೋದು ಬಾಷಾ?" ಎಂದ ಅತಿಯ್ಯಾ. "ಬಸ್ ಎತ್ತಿದೋನು."

"ಏನೂ ಮಾಡಕ್ಕಾಗಲ್ಲ."

"ಹಾಗಾದ್ರೆ ನಾವು ಯಾಕೆ ಹೋಗ್ತಿದೀವಿ?"

"ದೂರು ಬಂದಿದೆ," ಎಂದ ಷುಕ್ರಿ.

ನಾಲ್ಕು ಇಪ್ಪತ್ತೈದಕ್ಕೆ ಕಟ್ಟಡದ ಮುಂದೆ ಇಳಿದರು. ಸುತ್ತ ಬರೀ ಮರಳು, ಅರ್ಧಂಬರ್ಧ ಎದ್ದ ಗೋಡೆಗಳು. ಹತ್ತನೇ ಮಹಡಿಯ ಬಾಲ್ಕನಿಯಲ್ಲಿ ಇಬ್ಬರು ನಿಂತಿದ್ದರು. ಬಯೂಮಿ ಜೀಪಿನಿಂದ ಕಾಲು ಕೆಳಗಿಟ್ಟನೋ ಇಲ್ಲವೋ, ಮೇಲಿನಿಂದ ಉಲುಲು ಕೇಳಿಸಿತು. ಎಷ್ಟೋ ಮದುವೆಗಳನ್ನು ಲೂಟಿ ಮಾಡಿಸಿದ ಕಂಠ ಅದು, ಆದರೆ ಇಂದು ನಡುವೆಯೇ ಅಳುವಿಗೆ ತಿರುಗಿತು. ಎಲ್ಲರೂ ಮೇಲೆ ನೋಡಿದರು.

ನಾಲ್ಕನೇ ಮಹಡಿ ತಲುಪುವಾಗ ಅತಿಯ್ಯಾ ನಿಂತುಬಿಟ್ಟ. "ನನ್ನ ವಾಚು!"

ಬಯೂಮಿ ತಲೆ ತಗ್ಗಿಸಿ ಜೇಬಿನಿಂದ ವಾಚು ತೆಗೆದುಕೊಟ್ಟ. "ತಪ್ಪಾಯ್ತಣ್ಣ. ಅವಳು ಕೂಗಿದ್ಲು, ಕೈ ಹೋಯ್ತು."

ಲಿಫ್ಟಿನ ಜಾಗದಲ್ಲಿ ಬರೀ ಬಾವಿಯಿತ್ತು. ಅದರೊಳಗೆ ಯಾರೋ ಹೊಸದಾಗಿ ಕಂಬಿ ಕೂರಿಸುತ್ತಿದ್ದರು. ಆರನೇ ಮಹಡಿಯ ತನಕ ಬಂದಿತ್ತು. ಪ್ರತಿ ಮಹಡಿಯಲ್ಲೂ ತಂತಿಯ ಸುರುಳಿ, ಎಣ್ಣೆ ಹಚ್ಚಿ ಕಾಗದದಲ್ಲಿ ಸುತ್ತಿದ ಗಾಲಿಗಳು.

ಬಾಗಿಲು ತೆರೆದೇ ಇತ್ತು. ಮುಖಕ್ಕೆ ಬಟ್ಟೆಯಿಲ್ಲದೆ ನಿಂತಿದ್ದ ಹಿಲ್ಮಿ ನಲವತ್ತಾರರ, ತೆಳ್ಳನೆಯ, ಕಿವಿಯಲ್ಲಿ ಹಲ್ಲಿನ ಗುರುತಿದ್ದ ಮನುಷ್ಯ. ಅವನ ಕಣ್ಣಿಗೆ ಪೊಲೀಸರು ಬಿದ್ದಂತೆಯೇ ಕಾಣಲಿಲ್ಲ.

"ಬಂದ! ನೋಡಿದ್ಯಾ ತಾಯಿ, ಬಂದೇ ಬಿಟ್ಟ! ನಾನು ಹೇಳಿರ್ಲಿಲ್ವಾ?"

"ಹೇಳ್ದೆ, ಹೇಳ್ದೆ," ಎಂದಳು ಇನ್ಷಿರಾ. ಬರಿಗಾಲಲ್ಲಿದ್ದ ದುಂಡನೆಯ ಹೆಂಗಸು, ಕೈಯಲ್ಲಿ ಇನ್ನೂ ಸೌಟಿತ್ತು. "ನಿನ್ನೆಯಿಂದ ಈ ಮಹಾರಾಯ ರಸ್ತೆ ನೋಡ್ತಾನೇ ಕೂತಿದಾನೆ, ಬಾಷಾ. ಅಡುಗೆ ಮಾಡಿ ಹಾಕಿದ್ರೂ ತಿನ್ನಲಿಲ್ಲ." ಆಮೇಲೆ ಗಂಡನ ಕಡೆ ತಿರುಗಿದಳು. "ಬರೋಕೆ ಇಷ್ಟು ಹೊತ್ತೇನೋ?"

"ವಿಳಾಸ ಗೊತ್ತಿರ್ಲಿಲ್ಲ ಕಣೇ."

ಬಯೂಮಿ ಪೊಟ್ಟಣದ ಕಡೆ ಕೈ ಚಾಚಿದ. "ಏಯ್, ಅದು ಮುದ್ದೇಮಾಲು!" ಎಂದು ಅತಿಯ್ಯಾ ಗದರಿದ. ಷುಕ್ರಿ ತಾನೇ ಅರಗಿನ ಮುದ್ರೆ ಒಡೆದು ಕೊಟ್ಟ. ಬಯೂಮಿ ನೆಲದ ಮೇಲೆ ಕೂತು ಹೆಂಡತಿಯ ಕಾಲಿಗೆ ಒಂದೊಂದಾಗಿ ಚಪ್ಪಲಿ ತೊಡಿಸಿದ. ಅವಳು ಅವನ ತಲೆಗೆ ಸೌಟಿನಿಂದ ಮೆಲ್ಲಗೆ ಒಂದು ಕೊಟ್ಟಳು, ಆಮೇಲೆ ಅದೇ ತಲೆಯನ್ನು ಅಪ್ಪಿಕೊಂಡಳು.

"ಅವನಾಗಿ ಬರಲಿಲ್ಲ ಹಿಲ್ಮಿ," ಎಂದ ಷುಕ್ರಿ. "ನಾವು ಕರ್ಕೊಂಡು ಬಂದ್ವಿ. ಮನುಷ್ಯರಿಗೆ ಹಾಗೆಲ್ಲ ದಾರಿ ತಿಳಿಯಲ್ಲ."

ಹಿಲ್ಮಿಯ ಮುಖದ ಬೆಳಕು ಆರಿತು. ಅವನು ಸೋಫಾದ ಮೇಲೆ ಕುಸಿದ. ಅದರ ಪ್ಲಾಸ್ಟಿಕ್ ಹೊದಿಕೆಯನ್ನು ಇನ್ನೂ ಯಾರೂ ತೆಗೆದಿರಲಿಲ್ಲ.

"ಇವರನ್ನ ಇಟ್ಕೊಂಡು ಏನ್ಮಾಡ್ಬೇಕು ಅಂತಿದ್ದೆ?"

"ಈ ಮನೆ ಅವರಿಗೇ ಕೊಡ್ತಿದ್ದೆ ಬಾಷಾ. ಅವನಿಗೆ ಲಿಫ್ಟ್ ಕೆಲಸ ಕಲಿಸ್ತಿದ್ದೆ. ಆರು ಸಲ ಹಿಡಿದುಕೊಟ್ಟೆ, ಆರು ಸಲವೂ ಜೈಲು ಅವರನ್ನ ಬೇರೆ ಬೇರೆ ಇಟ್ಟು ಹಾಗೇ ವಾಪಸ್ ಕಳಿಸ್ತು."

"ಊರಲ್ಲಿ ಇಷ್ಟು ಕಳ್ಳರಿದಾರೆ. ಇವರೇ ಯಾಕೆ?"

ಹಿಲ್ಮಿ ಸೋಫಾದ ಪ್ಲಾಸ್ಟಿಕ್ ಅಂಚನ್ನು ಬೆರಳಿನಿಂದ ನೇರ ಮಾಡಿದ.

"ಅವಳು ಉಲುಲು ಹಾಕೋ ಮುಂಚೆ ಆ ಜನಜಂಗುಳೀಲಿ ಒಬ್ಬರನ್ನೊಬ್ಬರು ಒಂದ್ಸಲ ನೋಡ್ಕೊಳ್ತಾರೆ. ನಾನು ಮೇಲಿಂದ ನೋಡಿದೀನಿ. ಕದಿಯೋ ಹೊತ್ತಲ್ಲೂ ಹಾಗೆ ನೋಡ್ತಾರಲ್ಲ ಅನ್ನಿಸ್ತು. ನನ್ನನ್ನ ಯಾರೂ ಹಾಗೆ ನೋಡಿ ಮೂರು ವರ್ಷ ಆಯ್ತು. ಅದು ಹಾಳಾಗ್ಬಾರ್ದು ಅಂತ."

"ಈ ಮನೆ ನಿನ್ನ ಹೆಂಡ್ತಿಗೆ ಅಂತ ಹಿಡಿದದ್ದಾ?"

"ಹೌದು. ಪರದೆ ಅವಳಿಗೆ ಇಷ್ಟವಾದ ಬಣ್ಣದ್ದು. ಅವಳಿಗೆ ಮಂಡಿನೋವು, ಅದಕ್ಕೇ ಲಿಫ್ಟು ನಾನೇ ಕೂರಿಸ್ತಿದೀನಿ."

"ಅವಳಿಗೆ ಹೇಳಿದೀಯ, ಇಲ್ಲೊಂದು ಮನೆ ಇದೆ ಅಂತ?"

ಹಿಲ್ಮಿ ತಲೆಯೆತ್ತಿ ಇನ್ಸ್‌ಪೆಕ್ಟರನನ್ನು ನೋಡಿದ. "ಇಲ್ಲ," ಎಂದ ಕೊನೆಗೆ.

ನಾಲ್ಕು ಐವತ್ತಕ್ಕೆ ಬಂಧನ. ಅವನು ತಾನಾಗಿ ಎರಡೂ ಕೈ ಮುಂದೆ ಚಾಚಿದ. ಅತಿಯ್ಯಾ ಕೋಳ ಹಾಕುವಾಗ, ಎಲ್ಲಿ ಅದು ತನ್ನ ಕೈಯಲ್ಲೇ ಮುರಿದುಬಿಡುತ್ತದೋ ಎಂಬ ಹೆದರಿಕೆಯಿಂದ ಉಸಿರು ಬಿಗಿಹಿಡಿದು ನಿಂತಿದ್ದವನು ಆರೋಪಿಯೇ.

ಮೆಟ್ಟಿಲಿಳಿಯುವಾಗ ಷುಕ್ರಿ ಅವನ ಪಕ್ಕಕ್ಕೆ ಬಂದ. "ಕಾಲುವೆಯ ಮಿನಿಬಸ್ಸು. ಅದರಲ್ಲಿ ನನ್ನ ತಂಗಿ ಇದ್ಲು."

"ಹಸಿರು ಸ್ವೆಟರ್ ಹಾಕಿದ್ದೋರಾ? ಒಂದು ಶೂ ಕಳ್ಕೊಂಡಿದ್ರು."

"ಅವಳೇ." ಎರಡು ವರ್ಷ ಕೂಡಿಟ್ಟ ಮಾತುಗಳಲ್ಲಿ ಒಂದೂ ಷುಕ್ರಿಯ ಬಾಯಿಗೆ ಬರಲಿಲ್ಲ. ಕೋಳವಿದ್ದ ಆ ಕೈಯನ್ನು ತನ್ನೆರಡೂ ಕೈಗಳಿಂದ ಹಿಡಿದುಕೊಂಡ. ಒಂದು ಮಹಡಿ ಹಾಗೆಯೇ ಇಳಿದರು.

ಠಾಣೆಯಲ್ಲಿ ಕಾಗದ ಪತ್ರ ಮುಗಿಯುವಾಗ ಆರೂವರೆ. ಬಂಧಿತನ ಹತ್ತಿರದ ಸಂಬಂಧಿಗೆ ಲಿಖಿತ ತಿಳಿವಳಿಕೆ ಕೊಡಬೇಕೆಂಬುದು ನಿಯಮ. ಅದರಲ್ಲಿ ಬಂಧಿಸಿದ ಸ್ಥಳದ ಪೂರ್ತಿ ವಿಳಾಸ ಇರಬೇಕು. ಷುಕ್ರಿ ರಸ್ತೆ, ಕಟ್ಟಡದ ಸಂಖ್ಯೆ, ಮಹಡಿ, ಬಾಗಿಲ ಸಂಖ್ಯೆ ಎಲ್ಲವನ್ನೂ ದುಂಡಗೆ ಬರೆದು, ಮೇಲೆ ಸುಮಯ್ಯಾಳ ಹೆಸರು ಹಾಕಿ ಅತಿಯ್ಯಾನ ಕೈಲಿ ಶುಬ್ರಾಕ್ಕೆ ಕಳಿಸಿದ. ಅಪರಾಧದ ಪ್ರೇರಣೆ ಎಂಬ ಅಂಕಣದಲ್ಲಿ ಮಾತ್ರ ಏನು ಬರೆಯಬೇಕೆಂದು ತೋಚದೆ ಬಹಳ ಹೊತ್ತು ಕೂತಿದ್ದು, ಕೊನೆಗೆ 'ಹೆಂಡತಿಯ ನೆನಪು' ಎಂದು ಬರೆದ.

ಮಂಗಳವಾರ ಬೆಳಿಗ್ಗೆ ಒಂಬತ್ತು ಇಪ್ಪತ್ತಕ್ಕೆ ಒಬ್ಬ ಹೆಂಗಸು ಠಾಣೆಯ ಮೆಟ್ಟಿಲನ್ನು ಗೋಡೆ ಹಿಡಿದುಕೊಂಡು ನಿಧಾನ ಹತ್ತಿ ಬಂದಳು. ಕೈಯಲ್ಲಿ ತಿಂಡಿಯ ಡಬ್ಬಿಯೂ ಆ ತಿಳಿವಳಿಕೆ ಪತ್ರವೂ ಇದ್ದವು.

"ಅವನೇ ಗರಿಯಪ್ಪನಂತೆ, ಹೌದಾ?"

"ಹೌದಮ್ಮ."

ಅವಳು ಬೆಂಚಿನ ಮೇಲೆ ಕೂತು ಮಂಡಿ ನೀವಿಕೊಂಡಳು. ಪತ್ರವನ್ನು ಬಿಡಿಸಿ ಮತ್ತೊಮ್ಮೆ ಓದಿದಳು.

"ಹತ್ತನೇ ಮಹಡಿ ಅಂತ ಬರೆದಿದೀರ. ಲಿಫ್ಟ್ ಇದೆಯಾ?"

"ಆರನೇ ಮಹಡೀವರೆಗೆ ಕೆಲಸ ಆಗಿದೆ," ಎಂದ ಷುಕ್ರಿ. "ಅವನೇ ಕೂರಿಸ್ತಿದ್ದ. ನಿಮ್ಮ ಮಂಡಿನೋವಿಗೆ ಅಂತ."

ಅವಳು ತಲೆ ಬಗ್ಗಿಸಿಕೊಂಡು ಪತ್ರವನ್ನು ಹಳೆಯ ಮಡಿಕೆಯಲ್ಲೇ ಮಡಿಚಿದಳು, ನಿಲುವಂಗಿಯ ಒಳಗೆ ಭದ್ರವಾಗಿ ಇಟ್ಟುಕೊಂಡಳು.

"ಯಾವಾಗ ಬಿಡ್ತೀರಿ ಅವನ್ನ?" ಎಂದು ಕೇಳಿದಳು.